ಕಾರ್ಯಸಾಧನೆ ಆಧಾರಿತ ರಸ್ತೆ ನಿರ್ವಹಣಾ ಗುತ್ತಿಗೆ ಹಾಗೂ ಕಾಂಕ್ರೀಟ್ ರಸ್ತೆಗಳ ಸ್ಥಿತಿಗತಿ ಮೌಲ್ಯಮಾಪನ

1. ಪೀಠಿಕೆ

ರಸ್ತೆ ನಿರ್ಮಾಣವು ಒಮ್ಮೆ ಮಾಡುವ ವೆಚ್ಚವಾದರೆ, ಅದರ ನಿರ್ವಹಣೆಯು ಪ್ರತಿ ವರ್ಷವೂ ಮಾಡಬೇಕಾದ ವೆಚ್ಚವಾಗಿರುತ್ತದೆ. ನಿರ್ವಹಣೆಯನ್ನು ಸಕಾಲದಲ್ಲಿ ಕೈಗೊಳ್ಳದಿದ್ದಲ್ಲಿ ಸಣ್ಣ ದುರಸ್ತಿಯಲ್ಲಿ ಮುಗಿಯುವ ಕೆಲಸವು ಪುನರ್‌ನಿರ್ಮಾಣದ ಹಂತಕ್ಕೆ ತಲುಪಿ, ಸಾರ್ವಜನಿಕ ಬೊಕ್ಕಸಕ್ಕೆ ಹಲವು ಪಟ್ಟು ಹೊರೆಯಾಗುತ್ತದೆ. ಈ ಕಾರಣದಿಂದ, ಮಾಡಿದ ಕೆಲಸದ ಪ್ರಮಾಣಕ್ಕೆ ಹಣ ನೀಡುವ ಬದಲು, ರಸ್ತೆಯು ನಿಗದಿತ ಗುಣಮಟ್ಟದಲ್ಲಿ ಇರುವುದಕ್ಕೆ ಹಣ ನೀಡುವ ಕಾರ್ಯಸಾಧನೆ ಆಧಾರಿತ ನಿರ್ವಹಣಾ ಗುತ್ತಿಗೆಯು ವಿವಿಧ ದೇಶಗಳಲ್ಲಿಯೂ ಭಾರತದ ಹಲವು ರಾಜ್ಯಗಳಲ್ಲಿಯೂ ಬಳಕೆಗೆ ಬಂದಿದೆ.

ಈ ಪದ್ಧತಿಯಲ್ಲಿ ಪಾವತಿಯು ಅಳತೆಯನ್ನು ಅವಲಂಬಿಸಿರುತ್ತದೆ. ಡಾಂಬರು ರಸ್ತೆಯಲ್ಲಿ ಗುಂಡಿ ಬಿದ್ದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಂಕ್ರೀಟ್ ರಸ್ತೆಯ ಹಾನಿಯಾದರೋ ಬಹುಪಾಲು ಸಂಧಿಗಳಲ್ಲಿ ಮತ್ತು ಚಪ್ಪಡಿಯ ಅಡಿಯಲ್ಲಿ ಆರಂಭವಾಗಿ, ಮೇಲ್ಮೈಯಲ್ಲಿ ಕಾಣಿಸಿಕೊಳ್ಳುವ ವೇಳೆಗೆ ಸುಲಭ ದುರಸ್ತಿಯ ಕಾಲ ಮುಗಿದಿರುತ್ತದೆ. ಆದುದರಿಂದ ಕಾಂಕ್ರೀಟ್ ರಸ್ತೆಗಳ ನಿರ್ವಹಣೆಯನ್ನು ಈ ಪದ್ಧತಿಯಲ್ಲಿ ವಹಿಸುವಾಗ ಏನನ್ನು, ಯಾವಾಗ ಮತ್ತು ಹೇಗೆ ಅಳೆಯಬೇಕೆಂಬುದೇ ಗುತ್ತಿಗೆಯ ಮುಖ್ಯ ವಿಷಯವಾಗುತ್ತದೆ. ಸಾರ್ವಜನಿಕರ ಮಾಹಿತಿಗಾಗಿ ಈ ಎರಡೂ ವಿಷಯಗಳನ್ನು ಇಲ್ಲಿ ಒಟ್ಟಾಗಿ ವಿವರಿಸಲಾಗಿದೆ.

2. ಸಾಂಪ್ರದಾಯಿಕ ಗುತ್ತಿಗೆ ಮತ್ತು ಕಾರ್ಯಸಾಧನೆ ಆಧಾರಿತ ಗುತ್ತಿಗೆ

ಸಾಂಪ್ರದಾಯಿಕ ಪದ್ಧತಿಯಲ್ಲಿ ಇಲಾಖೆಯ ಇಂಜಿನಿಯರುಗಳು ದುರಸ್ತಿ ಅಗತ್ಯವಿರುವ ಸ್ಥಳಗಳನ್ನು ಗುರುತಿಸಿ, ದರಪಟ್ಟಿಯ ಆಧಾರದ ಮೇಲೆ ಅಂದಾಜು ಪಟ್ಟಿ ತಯಾರಿಸಿ, ಟೆಂಡರ್ ಕರೆದು ಕೆಲಸ ವಹಿಸುತ್ತಾರೆ. ಕೆಲಸದ ಪ್ರಮಾಣವನ್ನು ಅಳತೆ ಪುಸ್ತಕದಲ್ಲಿ ದಾಖಲಿಸಿ, ಅದರಂತೆ ಬಿಲ್ಲು ಪಾವತಿಸಲಾಗುತ್ತದೆ. ಈ ಪದ್ಧತಿಯಲ್ಲಿ ಹೆಚ್ಚು ದುರಸ್ತಿಯಾದಷ್ಟೂ ಹೆಚ್ಚು ಬಿಲ್ಲು. ರಸ್ತೆ ಬೇಗನೆ ಹಾಳಾಗದಂತೆ ನೋಡಿಕೊಳ್ಳುವುದರಿಂದ ಗುತ್ತಿಗೆದಾರರಿಗೆ ಪ್ರತ್ಯೇಕ ಲಾಭವಿರುವುದಿಲ್ಲ.

ಕಾರ್ಯಸಾಧನೆ ಆಧಾರಿತ ಪದ್ಧತಿಯ ಮುಖ್ಯ ಲಕ್ಷಣಗಳು ಈ ಕೆಳಕಂಡಂತಿವೆ:

(ಅ) ಒಂದು ರಸ್ತೆ ಅಥವಾ ರಸ್ತೆಗಳ ಸಮೂಹವನ್ನು ಹಲವು ವರ್ಷಗಳ ಅವಧಿಗೆ ಒಬ್ಬ ಗುತ್ತಿಗೆದಾರರಿಗೆ ವಹಿಸಲಾಗುತ್ತದೆ.

(ಆ) ರಸ್ತೆಯು ಸದಾ ಇರಬೇಕಾದ ಸ್ಥಿತಿಯನ್ನು ಅಂಕಿಗಳಲ್ಲಿ ನಿಗದಿಪಡಿಸಲಾಗುತ್ತದೆ. ಇದನ್ನು ಸೇವಾ ಮಟ್ಟ ಎನ್ನಲಾಗುತ್ತದೆ.

(ಇ) ಯಾವ ವಿಧಾನದಿಂದ, ಯಾವ ಸಾಮಗ್ರಿಯಿಂದ, ಯಾವ ದಿನ ದುರಸ್ತಿ ಮಾಡಬೇಕೆಂಬ ತೀರ್ಮಾನವನ್ನು ನಿರ್ದಿಷ್ಟತೆಗಳಿಗೆ ಒಳಪಟ್ಟು ಗುತ್ತಿಗೆದಾರರಿಗೇ ಬಿಡಲಾಗುತ್ತದೆ.

(ಈ) ಮಾಸಿಕ ಅಥವಾ ತ್ರೈಮಾಸಿಕ ನಿಗದಿತ ಮೊತ್ತವನ್ನು ಪಾವತಿಸಲಾಗುತ್ತದೆ. ಸೇವಾ ಮಟ್ಟ ಪಾಲನೆಯಾಗದಿದ್ದಲ್ಲಿ ಈ ಮೊತ್ತದಲ್ಲಿ ಕಡಿತ ಮಾಡಲಾಗುತ್ತದೆ.

(ಉ) ಪ್ರತಿಯೊಂದು ದೋಷವನ್ನು ಸರಿಪಡಿಸಲು ಕಾಲಮಿತಿ ಇರುತ್ತದೆ. ಕಾಲಮಿತಿ ಮೀರಿದಲ್ಲಿ ದಿನವಹಿ ಕಡಿತ ಅನ್ವಯವಾಗುತ್ತದೆ.

3. ಪದ್ಧತಿಯ ಹಿನ್ನೆಲೆ

ಈ ಬಗೆಯ ಗುತ್ತಿಗೆಯ ಆರಂಭಿಕ ಪ್ರಯೋಗವು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 1988ರಲ್ಲಿ ನಡೆಯಿತು. 1990ರ ದಶಕದಲ್ಲಿ ಅರ್ಜೆಂಟೀನಾ, ಉರುಗ್ವೆ ಮೊದಲಾದ ದಕ್ಷಿಣ ಅಮೆರಿಕದ ದೇಶಗಳು ಇದನ್ನು ಅಳವಡಿಸಿಕೊಂಡವು. ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ 1995ರಲ್ಲಿ 10 ವರ್ಷಗಳ ಅವಧಿಯ ಗುತ್ತಿಗೆ ನೀಡಲಾಯಿತು. ವಿಶ್ವಬ್ಯಾಂಕ್ 2006ರಲ್ಲಿ ಇಂತಹ ಗುತ್ತಿಗೆಗಳಿಗಾಗಿ ಮಾದರಿ ಟೆಂಡರ್ ದಾಖಲೆಯನ್ನು ಪ್ರಕಟಿಸಿತು.

ಭಾರತದಲ್ಲಿ 2000ನೇ ಇಸವಿಯ ಡಿಸೆಂಬರ್ 25ರಂದು ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ, ರಸ್ತೆ ನಿರ್ಮಿಸಿದ ಗುತ್ತಿಗೆದಾರರೇ ನಂತರದ 5 ವರ್ಷ ಅದರ ನಿರ್ವಹಣೆಯನ್ನೂ ಮಾಡುವ ವ್ಯವಸ್ಥೆ ರೂಪುಗೊಂಡಿತು. ಈ ನಿರ್ವಹಣೆಯ ಪರಿಶೀಲನೆ ಮತ್ತು ಪಾವತಿಗಾಗಿ ನಂತರದ ವರ್ಷಗಳಲ್ಲಿ ಇ-ಮಾರ್ಗ್ ಎಂಬ ಗಣಕೀಕೃತ ವ್ಯವಸ್ಥೆ ಜಾರಿಗೆ ಬಂದಿದ್ದು, ಇದರಲ್ಲಿ ಸ್ಥಳದ ಗುರುತು ಸಹಿತ ಛಾಯಾಚಿತ್ರಗಳನ್ನು ದಾಖಲಿಸಿ, ರಸ್ತೆಯ ಸ್ಥಿತಿಯ ಮೌಲ್ಯಮಾಪನದ ಆಧಾರದಲ್ಲಿ ಬಿಲ್ಲು ಪಾವತಿಸಲಾಗುತ್ತದೆ. ಪಂಜಾಬ್ ರಾಜ್ಯವು ಸಂಗ್ರೂರ್, ಮಾನಸಾ ಮತ್ತು ಬಠಿಂಡಾ ಭಾಗದ ಸುಮಾರು 200 ಕಿ.ಮೀ. ರಸ್ತೆಗಳನ್ನು 2012ರಲ್ಲಿ 10 ವರ್ಷಗಳ ಗುತ್ತಿಗೆಗೆ ವಹಿಸಿತು. ಬಿಹಾರ ರಾಜ್ಯವು 2013ರಿಂದ ತನ್ನ ಲೋಕೋಪಯೋಗಿ ರಸ್ತೆಗಳ ದೊಡ್ಡ ಭಾಗವನ್ನು ಈ ಪದ್ಧತಿಗೆ ಒಳಪಡಿಸಿತು. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1ರಿಂದ 2 ವರ್ಷಗಳ ಅಲ್ಪಾವಧಿ ನಿರ್ವಹಣಾ ಗುತ್ತಿಗೆ ಹಾಗೂ 5ರಿಂದ 7 ವರ್ಷಗಳ ಕಾರ್ಯಸಾಧನೆ ಆಧಾರಿತ ಗುತ್ತಿಗೆ ಎಂಬ ಎರಡು ಬಗೆಗಳು ಬಳಕೆಯಲ್ಲಿವೆ.

ಇದೇ ಕಾಲಾವಧಿಯಲ್ಲಿ ಕಾಂಕ್ರೀಟ್ ರಸ್ತೆಗಳ ಉದ್ದವೂ ಹೆಚ್ಚಿದೆ. ಕರ್ನಾಟಕದಲ್ಲಿ ಶಿರಾಡಿ ಘಾಟಿಯ ಹೆದ್ದಾರಿಯನ್ನು 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ, ಪ್ರತಿ ಬಾರಿಯೂ ವಾಹನ ಸಂಚಾರವನ್ನು ತಿಂಗಳುಗಟ್ಟಲೆ ನಿಲ್ಲಿಸಿ, ಕಾಂಕ್ರೀಟ್‌ಗೆ ಪರಿವರ್ತಿಸಲಾಯಿತು. ಬೆಂಗಳೂರಿನಲ್ಲಿ ಹಳೆಯ ಡಾಂಬರು ರಸ್ತೆಯ ಮೇಲೆಯೇ ಕಾಂಕ್ರೀಟ್ ಹೊದಿಕೆ ಹಾಕುವ ವೈಟ್ ಟಾಪಿಂಗ್ ಕಾಮಗಾರಿಯು ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಇಂತಹ ರಸ್ತೆಯನ್ನು ಮತ್ತೆ ಮುಚ್ಚಿ ದುರಸ್ತಿ ಮಾಡುವುದು ಜನರಿಗೆ ಎಷ್ಟು ತೊಂದರೆಯ ವಿಷಯವೆಂಬುದು ಘಾಟಿಯಲ್ಲಿ ಸಂಚರಿಸುವವರಿಗೂ ನಗರವಾಸಿಗಳಿಗೂ ತಿಳಿದಿರುವ ಸಂಗತಿಯಾಗಿದೆ.

4. ಕಾಂಕ್ರೀಟ್ ರಸ್ತೆಯ ರಚನೆ

ಕಾಂಕ್ರೀಟ್ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಉದ್ದಕ್ಕೂ ಒಂದೇ ಹಾಸನ್ನು ಹಾಕಿದಲ್ಲಿ ಅದು ತನಗೆ ತೋಚಿದ ಕಡೆಯಲ್ಲೆಲ್ಲ ಬಿರುಕು ಬಿಡುತ್ತದೆ. ಇದನ್ನು ತಪ್ಪಿಸಲು ಸಾಮಾನ್ಯವಾಗಿ 4.5 ಮೀ.ಗೆ ಒಂದರಂತೆ ಅಡ್ಡಲಾಗಿ ಸಂಧಿ, ಅಂದರೆ ಜಾಯಿಂಟ್, ಕತ್ತರಿಸಿ ರಸ್ತೆಯನ್ನು ಚಪ್ಪಡಿಗಳನ್ನಾಗಿ ವಿಂಗಡಿಸಲಾಗುತ್ತದೆ. ಪಥಗಳ ನಡುವೆ ಉದ್ದುದ್ದಕ್ಕೆ ಇನ್ನೊಂದು ಸಂಧಿ ಇರುತ್ತದೆ. ಅಡ್ಡ ಸಂಧಿಗಳಲ್ಲಿ ಡೋವೆಲ್ ಸರಳುಗಳನ್ನು ಇರಿಸಿ, ಒಂದು ಚಪ್ಪಡಿಯ ಮೇಲಿನ ಚಕ್ರದ ಭಾರವು ಮುಂದಿನ ಚಪ್ಪಡಿಗೂ ಹಂಚಿಕೆಯಾಗುವಂತೆ ಮಾಡಲಾಗುತ್ತದೆ. ಸಂಧಿಯ ಮೇಲ್ಭಾಗವನ್ನು ನೀರು ಮತ್ತು ಕಲ್ಲುಪುಡಿ ಇಳಿಯದಂತೆ ರಬ್ಬರಿನಂತಹ ಸೀಲೆಂಟ್ ಪದಾರ್ಥದಿಂದ ಮುಚ್ಚಲಾಗುತ್ತದೆ.

ಎರಡು ಪಥಗಳ, 7 ಮೀ. ಅಗಲದ ರಸ್ತೆಯಲ್ಲಿ ಪ್ರತಿ ಕಿ.ಮೀ.ಗೆ ಸುಮಾರು 222 ಅಡ್ಡ ಸಂಧಿಗಳು ಹಾಗೂ 444 ಚಪ್ಪಡಿಗಳು ಇರುತ್ತವೆ. ಅಡ್ಡ ಸಂಧಿಗಳ ಉದ್ದ 1,554 ಮೀ., ನಡುವಿನ ಉದ್ದ ಸಂಧಿ 1,000 ಮೀ. ಸೇರಿದರೆ 1 ಕಿ.ಮೀ. ರಸ್ತೆಯಲ್ಲಿ ಸುಮಾರು 2.5 ಕಿ.ಮೀ. ಉದ್ದದ ಸಂಧಿಯನ್ನು ಮುಚ್ಚಿಡಬೇಕಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐ.ಆರ್.ಸಿ. 58 ಮಾರ್ಗಸೂಚಿಯಂತೆ ಕಾಂಕ್ರೀಟ್ ಹೆದ್ದಾರಿಯನ್ನು ಸಾಮಾನ್ಯವಾಗಿ 30 ವರ್ಷಗಳ ಬಾಳಿಕೆಗೆ ವಿನ್ಯಾಸಗೊಳಿಸಲಾಗುತ್ತದೆ. ಸೀಲೆಂಟ್‌ನ ಬಾಳಿಕೆ ಇದಕ್ಕಿಂತ ಬಹಳ ಕಡಿಮೆಯಾಗಿದ್ದು, ಚಪ್ಪಡಿಯ ಜೀವಿತಾವಧಿಯಲ್ಲಿ ಅದನ್ನು ಹಲವು ಬಾರಿ ಬದಲಾಯಿಸಬೇಕಾಗುತ್ತದೆ. ಕಾಂಕ್ರೀಟ್ ರಸ್ತೆಗೆ ನಿರ್ವಹಣೆಯೇ ಬೇಡವೆಂಬ ಸಾಮಾನ್ಯ ಅಭಿಪ್ರಾಯವು ಸರಿಯಲ್ಲ. ಅದಕ್ಕೆ ಬೇಕಾದ ನಿರ್ವಹಣೆಯು ಕಡಿಮೆಯಾದರೂ, ಆ ಕಡಿಮೆಯನ್ನು ತಪ್ಪದೆ ಮಾಡಬೇಕಾಗುತ್ತದೆ.

5. ಹಾನಿಯ ಮುಖ್ಯ ಬಗೆಗಳು

ಸಂಧಿಯ ಸೀಲೆಂಟ್ ಕಿತ್ತುಹೋದಾಗ ಮಳೆಯ ನೀರು ಚಪ್ಪಡಿಯ ಅಡಿಗೆ ಇಳಿಯುತ್ತದೆ. ಭಾರೀ ವಾಹನ ಹಾದಾಗ ಚಪ್ಪಡಿ ತುಸು ಬಾಗಿ, ಅಡಿಯ ನೀರು ನುಣುಪಾದ ಮಣ್ಣಿನೊಡನೆ ಸಂಧಿಯ ಮೂಲಕ ಮೇಲಕ್ಕೆ ಚಿಮ್ಮುತ್ತದೆ. ಹೀಗೆ ಪ್ರತಿ ಬಾರಿಯೂ ಸ್ವಲ್ಪ ಸ್ವಲ್ಪ ಮಣ್ಣು ಹೊರಬಂದು ಚಪ್ಪಡಿಯ ಅಡಿಯಲ್ಲಿ ಪೊಳ್ಳು ಉಂಟಾಗುತ್ತದೆ. ಆಧಾರ ಕಳೆದುಕೊಂಡ ಚಪ್ಪಡಿಯ ಮೂಲೆ ಅಂತಿಮವಾಗಿ ಮುರಿಯುತ್ತದೆ. ಈ ಸರಣಿಯಲ್ಲಿ ಮೊದಲ ಹೆಜ್ಜೆಯಾದ ಸೀಲೆಂಟ್ ದುರಸ್ತಿಯು ಅತ್ಯಂತ ಅಗ್ಗವಾದುದು. ಕೊನೆಯ ಹೆಜ್ಜೆಯಾದ ಚಪ್ಪಡಿ ಬದಲಾವಣೆಯು ಅತ್ಯಂತ ದುಬಾರಿಯಾದುದು.

ಸಮೀಕ್ಷೆಯಲ್ಲಿ ದಾಖಲಿಸಲಾಗುವ ಮುಖ್ಯ ಹಾನಿಗಳು:

(1) ಸಂಧಿ ಸೀಲೆಂಟ್ ಹಾನಿ: ಅಂಟು ಬಿಡುವುದು, ಗಟ್ಟಿಯಾಗುವುದು, ಹೊರಬರುವುದು, ಸಂಧಿಯಲ್ಲಿ ಕಲ್ಲುಪುಡಿ ತುಂಬುವುದು ಅಥವಾ ಹುಲ್ಲು ಬೆಳೆಯುವುದು.

(2) ಕೆಸರು ಚಿಮ್ಮುವಿಕೆ: ಸಂಧಿಯ ಆಸುಪಾಸಿನಲ್ಲಿ ಕಾಣುವ ಮಣ್ಣಿನ ಕಲೆ ಇದರ ಗುರುತು.

(3) ಚಪ್ಪಡಿಗಳ ಎತ್ತರ ವ್ಯತ್ಯಾಸ: ಸಂಧಿಯ ಒಂದು ಬದಿಯ ಚಪ್ಪಡಿ ಇನ್ನೊಂದಕ್ಕಿಂತ ತಗ್ಗಿ, ವಾಹನ ಸಾಗುವಾಗ ತಾಳಬದ್ಧವಾದ ಕುಲುಕಾಟ ಉಂಟಾಗುತ್ತದೆ.

(4) ಅಂಚು ಉದುರುವಿಕೆ: ಸಂಧಿಯೊಳಗೆ ಸೇರಿದ ಕಲ್ಲು, ಕಾಂಕ್ರೀಟ್ ಹಿಗ್ಗುವಾಗ ಅಂಚನ್ನು ಒತ್ತಿ ಚಕ್ಕೆ ಏಳಿಸುತ್ತದೆ. ಅತಿ ಬಿಸಿಯ ದಿನಗಳಲ್ಲಿ ಚಪ್ಪಡಿಗಳೇ ಉಬ್ಬಿ ಒಡೆಯುವುದೂ ಉಂಟು.

(5) ಬಿರುಕುಗಳು: ಉದ್ದ, ಅಡ್ಡ ಮತ್ತು ಓರೆ ಬಿರುಕುಗಳು; ಮೂಲೆ ಮುರಿತ; ನಾಲ್ಕು ಅಥವಾ ಹೆಚ್ಚು ತುಂಡುಗಳಾಗಿ ಒಡೆದ ಚಪ್ಪಡಿ.

(6) ಮೇಲ್ಮೈ ದೋಷಗಳು: ಮೇಲ್ಪದರ ಸುಲಿಯುವಿಕೆ, ಜಲ್ಲಿ ನುಣುಪಾಗಿ ಚಕ್ರದ ಹಿಡಿತ ಕಡಿಮೆಯಾಗುವಿಕೆ.

6. ಸ್ಥಿತಿಗತಿಯನ್ನು ಅಳೆಯುವ ವಿಧಾನಗಳು

6.1 ಪ್ರತ್ಯಕ್ಷ ಸಮೀಕ್ಷೆ ಮತ್ತು ಸ್ಥಿತಿ ಸೂಚ್ಯಂಕ

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐ.ಆರ್.ಸಿ. ಎಸ್.ಪಿ. 83 ಪ್ರಕಟಣೆಯು ಕಾಂಕ್ರೀಟ್ ರಸ್ತೆಗಳ ನಿರ್ವಹಣೆ ಮತ್ತು ದುರಸ್ತಿಯ ಕುರಿತಾದ ಮಾರ್ಗಸೂಚಿಯಾಗಿದ್ದು, ಹಾನಿಯ ತೀವ್ರತೆಯನ್ನು 0ಯಿಂದ 5ರ ವರೆಗಿನ ಶ್ರೇಣಿಯಲ್ಲಿ ಗುರುತಿಸುತ್ತದೆ. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಇನ್ನೊಂದು ಕ್ರಮವೆಂದರೆ ಪೇವ್‌ಮೆಂಟ್ ಕಂಡಿಷನ್ ಇಂಡೆಕ್ಸ್, ಅಂದರೆ ರಸ್ತೆ ಸ್ಥಿತಿ ಸೂಚ್ಯಂಕ. ಅಮೆರಿಕದ ಸೇನೆಯ ಇಂಜಿನಿಯರುಗಳ ದಳವು 1970ರ ದಶಕದಲ್ಲಿ ರೂಪಿಸಿದ ಈ ಕ್ರಮವು ಇಂದು ಎ.ಎಸ್.ಟಿ.ಎಂ. ಡಿ 6433 ಎಂಬ ಮಾನಕವಾಗಿ ಪ್ರಕಟವಾಗಿದೆ.

ಇದರಲ್ಲಿ ರಸ್ತೆಯನ್ನು ಸುಮಾರು 20 ಚಪ್ಪಡಿಗಳ ಮಾದರಿ ಘಟಕಗಳನ್ನಾಗಿ ವಿಂಗಡಿಸಿ, ಕಾಂಕ್ರೀಟ್ ರಸ್ತೆಯ 19 ಬಗೆಯ ಹಾನಿಗಳನ್ನು ಅವುಗಳ ತೀವ್ರತೆಯೊಂದಿಗೆ ದಾಖಲಿಸಲಾಗುತ್ತದೆ. ಉದಾಹರಣೆಗೆ, 20 ಚಪ್ಪಡಿಗಳ ಘಟಕದಲ್ಲಿ 4 ಚಪ್ಪಡಿಗಳಲ್ಲಿ ಕಡಿಮೆ ತೀವ್ರತೆಯ ಬಿರುಕು, 2 ಚಪ್ಪಡಿಗಳಲ್ಲಿ ಮಧ್ಯಮ ತೀವ್ರತೆಯ ಮೂಲೆ ಮುರಿತ ಇದ್ದರೆ ಅವುಗಳ ಸಾಂದ್ರತೆ ಕ್ರಮವಾಗಿ ಶೇ. 20 ಮತ್ತು ಶೇ. 10 ಆಗುತ್ತದೆ. ಪ್ರತಿ ಹಾನಿಗೂ ಮಾನಕದಲ್ಲಿ ನೀಡಿರುವ ನಕ್ಷೆಯಿಂದ ಕಡಿತದ ಅಂಕವನ್ನು ಓದಿ, ಹಲವು ಹಾನಿಗಳು ಒಟ್ಟಿಗೆ ಇರುವುದಕ್ಕೆ ತಿದ್ದುಪಡಿ ಮಾಡಿ, 100ರಿಂದ ಕಳೆಯಲಾಗುತ್ತದೆ. ಹೀಗೆ ದೊರೆತ ಅಂಕದ ಅರ್ಥ ಈ ಕೆಳಕಂಡಂತಿದೆ:

86ರಿಂದ 100: ಉತ್ತಮ
71ರಿಂದ 85: ತೃಪ್ತಿಕರ
56ರಿಂದ 70: ಸಾಧಾರಣ
41ರಿಂದ 55: ಕಳಪೆ
26ರಿಂದ 40: ಅತಿ ಕಳಪೆ
11ರಿಂದ 25: ಗಂಭೀರ
0ಯಿಂದ 10: ವಿಫಲ

ಈ ಸೂಚ್ಯಂಕವನ್ನು ಸರಾಸರಿಯಾಗಿ ಮಾತ್ರ ನೋಡುವುದು ತಪ್ಪು ಚಿತ್ರ ನೀಡುತ್ತದೆ. 10 ಕಿ.ಮೀ. ರಸ್ತೆಯಲ್ಲಿ 9 ಕಿ.ಮೀ. 90 ಅಂಕ, ಉಳಿದ 1 ಕಿ.ಮೀ. 20 ಅಂಕ ಪಡೆದರೆ ಸರಾಸರಿ 83 ಆಗುತ್ತದೆ. ಕಾಗದದ ಮೇಲೆ ರಸ್ತೆಯು ತೃಪ್ತಿಕರ. ಆದರೆ ಆ 1 ಕಿ.ಮೀ. ಭಾಗದಲ್ಲಿ ದ್ವಿಚಕ್ರ ವಾಹನ ಸವಾರರ ಜೀವಕ್ಕೆ ಅಪಾಯವಿರುತ್ತದೆ. ಆದುದರಿಂದ ಗುತ್ತಿಗೆಯಲ್ಲಿ ಸರಾಸರಿಯ ಜೊತೆಗೆ, ಯಾವುದೇ ಒಂದು ಘಟಕವೂ ಇಳಿಯಬಾರದ ಕನಿಷ್ಠ ಅಂಕವನ್ನು ನಿಗದಿಪಡಿಸುವುದು ಅಗತ್ಯವಾಗಿದೆ.

6.2 ಮೇಲ್ಮೈ ಸಮತಲತೆ

ಪ್ರಯಾಣಿಕರಿಗೆ ಅನುಭವವಾಗುವ ಕುಲುಕಾಟವನ್ನು ಅಂತರರಾಷ್ಟ್ರೀಯ ಒರಟುತನ ಸೂಚ್ಯಂಕದ ಮೂಲಕ, ಕಿ.ಮೀ.ಗೆ ಇಷ್ಟು ಮೀಟರ್ ಎಂದು ಅಳೆಯಲಾಗುತ್ತದೆ. 1982ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಪ್ರಯೋಗಗಳಿಂದ ಈ ಸೂಚ್ಯಂಕವು ರೂಪುಗೊಂಡಿತು. ಭಾರತದಲ್ಲಿ ಬಂಪ್ ಇಂಟಿಗ್ರೇಟರ್ ಉಪಕರಣದಿಂದ ಮಿ.ಮೀ./ಕಿ.ಮೀ. ಲೆಕ್ಕದಲ್ಲಿ ಅಳೆಯುವ ರೂಢಿಯೂ ಇದ್ದು, ಈ ಬಗ್ಗೆ ಐ.ಆರ್.ಸಿ. ಎಸ್.ಪಿ. 16 ಮಾರ್ಗಸೂಚಿ ಇದೆ. ಲೇಸರ್ ಪ್ರೊಫೈಲೋಮೀಟರ್ ಅಳವಡಿಸಿದ ವಾಹನವು ಸಂಚಾರವನ್ನು ತಡೆಯದೆ ಈ ಅಳತೆಯನ್ನು ತ್ವರಿತವಾಗಿ ನೀಡುತ್ತದೆ.

ಆದರೆ ಸಮತಲತೆಯೊಂದೇ ರಸ್ತೆಯ ಆರೋಗ್ಯದ ಗುರುತಲ್ಲ. ಎತ್ತರ ವ್ಯತ್ಯಾಸವಿರುವ ಚಪ್ಪಡಿಯ ಅಂಚನ್ನು ವಜ್ರದ ಗರಗಸದಿಂದ ಉಜ್ಜಿ ಸಮ ಮಾಡಿದರೆ ಒರಟುತನದ ಅಂಕಿ ಕೂಡಲೇ ಸುಧಾರಿಸುತ್ತದೆ. ಅಡಿಯಲ್ಲಿರುವ ಪೊಳ್ಳು ಹಾಗೆಯೇ ಉಳಿದಿದ್ದರೆ ಕೆಲವು ಮಳೆಗಾಲಗಳ ನಂತರ ಅದೇ ಚಪ್ಪಡಿ ಮತ್ತೆ ತಗ್ಗುತ್ತದೆ ಅಥವಾ ಮುರಿಯುತ್ತದೆ.

6.3 ಭಾರ ಹೊರುವ ಸಾಮರ್ಥ್ಯ

ಚಪ್ಪಡಿಯ ಅಡಿಯ ಸ್ಥಿತಿಯನ್ನು ತಿಳಿಯಲು ಫಾಲಿಂಗ್ ವೇಟ್ ಡಿಫ್ಲೆಕ್ಟೋಮೀಟರ್ ಉಪಕರಣವನ್ನು ಬಳಸಲಾಗುತ್ತದೆ. ಇದು ಭಾರೀ ವಾಹನದ ಚಕ್ರವು ಹೇರುವಂತಹ ಹೊಡೆತವನ್ನು ಚಪ್ಪಡಿಯ ಮೇಲೆ ನೀಡಿ, ಚಪ್ಪಡಿ ಎಷ್ಟು ತಗ್ಗಿತೆಂಬುದನ್ನು ಹಲವು ಬಿಂದುಗಳಲ್ಲಿ ದಾಖಲಿಸುತ್ತದೆ. ಕಾಂಕ್ರೀಟ್ ರಸ್ತೆಗಳಲ್ಲಿ ಇದರ ಬಳಕೆಯ ಕ್ರಮವನ್ನು ಐ.ಆರ್.ಸಿ. 117 ಮಾರ್ಗಸೂಚಿಯು ವಿವರಿಸುತ್ತದೆ.

ಸಂಧಿಯ ಒಂದು ಬದಿಗೆ ಭಾರ ಹಾಕಿ ಎರಡೂ ಬದಿಗಳ ತಗ್ಗುವಿಕೆಯನ್ನು ಹೋಲಿಸಿದರೆ ಭಾರ ವರ್ಗಾವಣಾ ದಕ್ಷತೆ ದೊರೆಯುತ್ತದೆ. ಭಾರ ಬಿದ್ದ ಚಪ್ಪಡಿ 0.40 ಮಿ.ಮೀ. ತಗ್ಗಿದಾಗ ಪಕ್ಕದ ಚಪ್ಪಡಿ 0.30 ಮಿ.ಮೀ. ತಗ್ಗಿದರೆ ದಕ್ಷತೆ ಶೇ. 75. ಅದೇ ಪಕ್ಕದ ಚಪ್ಪಡಿ 0.12 ಮಿ.ಮೀ. ಮಾತ್ರ ತಗ್ಗಿದರೆ ದಕ್ಷತೆ ಶೇ. 30, ಅಂದರೆ ಒಂದು ಚಪ್ಪಡಿಯ ಅಂಚೇ ಬಹುಪಾಲು ಭಾರವನ್ನು ಒಂಟಿಯಾಗಿ ಹೊರುತ್ತಿದೆ ಎಂದರ್ಥ. ಮೇಲ್ಮೈಯಲ್ಲಿ ಒಂದೂ ಬಿರುಕು ಇಲ್ಲದಿದ್ದರೂ ಇಂತಹ ಸಂಧಿಯು ಮುಂದೆ ಬರುವ ಹಾನಿಯನ್ನು ಸೂಚಿಸುತ್ತದೆ.

7. ಸಮೀಕ್ಷೆಯ ವೇಳೆ ಮತ್ತು ಕ್ರಮ

ಕಾಂಕ್ರೀಟ್ ಚಪ್ಪಡಿಯು ದಿನದ ಬೇರೆ ಬೇರೆ ವೇಳೆಯಲ್ಲಿ ಬೇರೆ ಬೇರೆ ಫಲಿತಾಂಶ ನೀಡುತ್ತದೆ. ಮಧ್ಯಾಹ್ನ ಬಿಸಿಲಿಗೆ ಚಪ್ಪಡಿಗಳು ಹಿಗ್ಗಿ ಸಂಧಿಗಳು ಬಿಗಿಯಾಗುವುದರಿಂದ ದುರ್ಬಲ ಸಂಧಿಯೂ ಭಾರವನ್ನು ಚೆನ್ನಾಗಿ ವರ್ಗಾಯಿಸುವಂತೆ ಕಾಣುತ್ತದೆ. ರಾತ್ರಿ ಮೇಲ್ಭಾಗ ತಂಪಾಗಿ ಚಪ್ಪಡಿಯ ಮೂಲೆಗಳು ತುಸು ಮೇಲಕ್ಕೆ ಬಾಗುವುದರಿಂದ, ಪೊಳ್ಳು ಇಲ್ಲದ ಕಡೆಯೂ ಪೊಳ್ಳು ಇದ್ದಂತೆ ತೋರಬಹುದು. ಒಂದು ವರ್ಷದ ಸಮೀಕ್ಷೆ ಮುಂಜಾನೆ, ಮುಂದಿನ ವರ್ಷದ್ದು ಏಪ್ರಿಲ್ ತಿಂಗಳ ಮಧ್ಯಾಹ್ನ ನಡೆದರೆ ಎರಡು ಅಂಕಿಗಳನ್ನು ಹೋಲಿಸಲಾಗದು. ಪಾವತಿಯು ಈ ಅಂಕಿಗಳನ್ನು ಅವಲಂಬಿಸಿರುವುದರಿಂದ ಈ ಕೆಳಗಿನ ಅಂಶಗಳನ್ನು ಗುತ್ತಿಗೆಯಲ್ಲಿಯೇ ನಮೂದಿಸುವುದು ಸೂಕ್ತವಾಗಿದೆ:

(ಅ) ಗುತ್ತಿಗೆ ಆರಂಭಕ್ಕೆ ಮುನ್ನ ಪ್ರತಿ ಚಪ್ಪಡಿಗೂ ಸಂಖ್ಯೆ ನೀಡಿ, ಆಧಾರ ಸಮೀಕ್ಷೆಯನ್ನು ಕೈಗೊಂಡು, ಉಭಯತ್ರರೂ ಸಹಿ ಮಾಡುವುದು.

(ಆ) ಪ್ರತಿ ಸಮೀಕ್ಷೆಯಲ್ಲಿ ವೇಳೆ, ಗಾಳಿಯ ಉಷ್ಣತೆ ಮತ್ತು ಚಪ್ಪಡಿಯ ಉಷ್ಣತೆಯನ್ನು ದಾಖಲಿಸುವುದು.

(ಇ) ಮುಂಗಾರು ಆರಂಭಕ್ಕೆ ಮುನ್ನ ಸಂಧಿಗಳ ಪರಿಶೀಲನೆ ಹಾಗೂ ಮಳೆಗಾಲ ಮುಗಿದ ಕೂಡಲೇ ಹಾನಿಯ ಸಮೀಕ್ಷೆ ನಡೆಸುವುದು.

(ಈ) ಸಮೀಕ್ಷೆಯನ್ನು ಗುತ್ತಿಗೆದಾರರೇ ನಡೆಸುವಲ್ಲಿ, ಮುನ್ಸೂಚನೆ ನೀಡದೆ ಆಯ್ದ ಘಟಕಗಳಲ್ಲಿ ಮರುಪರಿಶೀಲನೆ ಮಾಡುವ ಅಧಿಕಾರವನ್ನು ಇಲಾಖೆ ಅಥವಾ ಸ್ವತಂತ್ರ ಇಂಜಿನಿಯರ್ ಉಳಿಸಿಕೊಳ್ಳುವುದು.

8. ಪಾವತಿ ಮತ್ತು ಕಡಿತದ ಲೆಕ್ಕ

ಕಡಿತದ ಮೊತ್ತವನ್ನು ನಿಗದಿಪಡಿಸುವಾಗ ಕೇವಲ ಅಂಕಗಳ ಹಂಚಿಕೆಯನ್ನು ನೋಡಿದರೆ ಸಾಲದು. ಕೆಲಸ ಮಾಡದೆ ಉಳಿಸಬಹುದಾದ ಹಣಕ್ಕಿಂತ ಕಡಿತವು ಹೆಚ್ಚಿರಬೇಕು. ಇದನ್ನು ತಿಳಿಸಲು ಒಂದು ಕಾಲ್ಪನಿಕ ಲೆಕ್ಕವನ್ನು ಇಲ್ಲಿ ನೀಡಲಾಗಿದೆ.

ಮಾಸಿಕ ಪಾವತಿ: ರೂ. 10,00,000
ಗುತ್ತಿಗೆ ಅವಧಿ: 5 ವರ್ಷ, ಅಂದರೆ 60 ತಿಂಗಳು
ಒಟ್ಟು 100 ಅಂಕಗಳಲ್ಲಿ ಸಂಧಿಗಳಿಗೆ ನೀಡಿದ ಅಂಕ: 5
ಸಂಧಿಗಳನ್ನು ಪೂರ್ಣವಾಗಿ ಕಡೆಗಣಿಸಿದಲ್ಲಿ ಮಾಸಿಕ ಕಡಿತ: ರೂ. 50,000
60 ತಿಂಗಳ ಒಟ್ಟು ಕಡಿತ: ರೂ. 30,00,000
ಸಂಧಿಗಳನ್ನು ಮರುಮುಚ್ಚಲು ತಗಲುವ ವೆಚ್ಚ: ರೂ. 60,00,000

ಈ ಲೆಕ್ಕದಂತೆ ಸಂಧಿಗಳನ್ನು ಮುಟ್ಟದೆಯೇ ಇರುವುದರಿಂದ ಗುತ್ತಿಗೆದಾರರಿಗೆ ರೂ. 30 ಲಕ್ಷ ಉಳಿತಾಯವಾಗುತ್ತದೆ. ಹುಲ್ಲು ಕತ್ತರಿಸಿ, ಫಲಕಗಳಿಗೆ ಬಣ್ಣ ಬಳಿದು, ಚರಂಡಿ ಶುಚಿಗೊಳಿಸಿ 95 ಅಂಕ ಗಳಿಸಿದ ರಸ್ತೆಯು ದಾಖಲೆಯಲ್ಲಿ ಸುಸ್ಥಿತಿಯಲ್ಲಿಯೇ ಇರುತ್ತದೆ. ಚಪ್ಪಡಿಗಳು ಮುರಿಯುವ ವೇಳೆಗೆ ಗುತ್ತಿಗೆ ಅವಧಿ ಮುಗಿದಿದ್ದು, ಅದರ ವೆಚ್ಚವು ಸಾರ್ವಜನಿಕರ ಪಾಲಿಗೆ ಬರುತ್ತದೆ. ಇಲ್ಲಿ ಗುತ್ತಿಗೆದಾರರು ಕರಾರನ್ನು ಮೀರಿರುವುದಿಲ್ಲ. ಕರಾರು ಬರೆಯುವಾಗಲೇ ಲೋಪವಾಗಿರುತ್ತದೆ.

ಇದಕ್ಕೆ ಪರಿಹಾರವಾಗಿ ಸಂಧಿ, ಮೂಲೆ ಮುರಿತ ಮತ್ತು ಎತ್ತರ ವ್ಯತ್ಯಾಸಗಳಂತಹ ಮೂಲ ಅಂಶಗಳನ್ನು ಒಟ್ಟು ಅಂಕದೊಳಗೆ ಬೆರೆಸದೆ ಪ್ರತ್ಯೇಕ ಷರತ್ತನ್ನಾಗಿ ಇರಿಸಬಹುದಾಗಿದೆ. ಈ ಷರತ್ತು ಪಾಲನೆಯಾಗದಿದ್ದಲ್ಲಿ, ಇತರ ಅಂಕಗಳು ಎಷ್ಟೇ ಇದ್ದರೂ, ಪಾವತಿಯ ಗಣನೀಯ ಭಾಗವನ್ನು ತಡೆಹಿಡಿಯುವ ಅವಕಾಶವಿರಬೇಕು. ತಡೆಹಿಡಿದ ಹಣದಿಂದ ಇಲಾಖೆಯೇ ಕೆಲಸ ಮಾಡಿಸುವ ಅವಕಾಶವನ್ನೂ ಕಲ್ಪಿಸಬಹುದು.

9. ಗುತ್ತಿಗೆ ಅವಧಿ ಮತ್ತು ಹಸ್ತಾಂತರ

ಸಾಮಾನ್ಯ ಗುತ್ತಿಗೆ ಅವಧಿ 5ರಿಂದ 10 ವರ್ಷ. ಚಪ್ಪಡಿಯ ಬಾಳಿಕೆ 30 ವರ್ಷ. ಮೇಲಿನ ಲೆಕ್ಕದ ಸಮಸ್ಯೆಗೆ ಈ ಅಂತರವೇ ಮೂಲ. ಇಂಜಿನಿಯರಿಂಗ್, ಸಂಗ್ರಹಣೆ ಮತ್ತು ನಿರ್ಮಾಣ ಮಾದರಿಯ ರಾಷ್ಟ್ರೀಯ ಹೆದ್ದಾರಿ ಗುತ್ತಿಗೆಗಳಲ್ಲಿ ದೋಷ ಹೊಣೆಗಾರಿಕೆ ಅವಧಿಯನ್ನು ಡಾಂಬರು ರಸ್ತೆಗೆ 5 ವರ್ಷ, ಕಾಂಕ್ರೀಟ್ ರಸ್ತೆಗೆ 10 ವರ್ಷ ಎಂದು ನಿಗದಿಪಡಿಸಿದ್ದುದರ ಹಿಂದೆಯೂ ಇದೇ ತತ್ತ್ವವಿತ್ತು.

ನಿರ್ವಹಣಾ ಗುತ್ತಿಗೆಯಲ್ಲಿ ಹಸ್ತಾಂತರ ಷರತ್ತು ಈ ಅಂತರವನ್ನು ತುಂಬುತ್ತದೆ. ಕೊನೆಯ ವರ್ಷದ ಆರಂಭದಲ್ಲಿಯೇ ಪೂರ್ಣ ಸಮೀಕ್ಷೆ ನಡೆಸಿ, ಆಧಾರ ಸಮೀಕ್ಷೆಯೊಂದಿಗೆ ಚಪ್ಪಡಿವಾರು ಹೋಲಿಸಿ, ಕೊರತೆಗಳನ್ನು ಸರಿಪಡಿಸಲು ಗುತ್ತಿಗೆದಾರರಿಗೆ ಕಾಲಾವಕಾಶ ನೀಡಬೇಕಾಗುತ್ತದೆ. ಹಸ್ತಾಂತರದ ನಂತರ ಕನಿಷ್ಠ ಒಂದು ಮಳೆಗಾಲ ಕಳೆಯುವವರೆಗೆ ಭದ್ರತಾ ಠೇವಣಿಯ ಒಂದು ಭಾಗವನ್ನು ಉಳಿಸಿಕೊಳ್ಳುವುದು ಉಪಯುಕ್ತ ಕ್ರಮವಾಗಿದೆ.

10. ಹೊಣೆಯ ಹಂಚಿಕೆ

ಗುತ್ತಿಗೆದಾರರ ನಿಯಂತ್ರಣದಲ್ಲಿ ಇಲ್ಲದ ಹಾನಿಗಳನ್ನೂ ಅವರ ಮೇಲೆ ಹೊರಿಸಿದಲ್ಲಿ, ಅವರು ಆ ಸಂಭವವನ್ನು ಟೆಂಡರ್ ದರದಲ್ಲಿಯೇ ಸೇರಿಸಿಕೊಳ್ಳುವುದರಿಂದ ವೆಚ್ಚ ಹೆಚ್ಚುತ್ತದೆ. ಆದುದರಿಂದ ಈ ಕೆಳಗಿನವುಗಳ ಬಗ್ಗೆ ಸ್ಪಷ್ಟತೆ ಇರಬೇಕು:

(ಅ) ಇತರರಿಂದ ರಸ್ತೆ ಅಗೆತ: ಕುಡಿಯುವ ನೀರು, ಒಳಚರಂಡಿ, ವಿದ್ಯುತ್ ಮತ್ತು ದೂರವಾಣಿ ಕೇಬಲ್‌ಗಳಿಗಾಗಿ ನಗರಗಳಲ್ಲಿ ರಸ್ತೆ ಅಗೆಯಲಾಗುತ್ತದೆ. ಕಾಂಕ್ರೀಟ್ ರಸ್ತೆಯಲ್ಲಿ ಅಗೆದ ಜಾಗವನ್ನು ಡಾಂಬರು ಮಿಶ್ರಣದಿಂದ ಮುಚ್ಚುವುದು ತಾತ್ಕಾಲಿಕ ಕ್ರಮ ಮಾತ್ರ. ಚಪ್ಪಡಿಯನ್ನು ಪೂರ್ಣ ಆಳಕ್ಕೆ ಕತ್ತರಿಸಿ ಮರುಹಾಸುವ ವೆಚ್ಚವನ್ನು ಅಗೆಯುವ ಸಂಸ್ಥೆಯಿಂದ ಮೊದಲೇ ಪಡೆಯಬೇಕಾಗುತ್ತದೆ.

(ಆ) ಅಧಿಕ ಭಾರದ ವಾಹನಗಳು: ಚಪ್ಪಡಿಯಲ್ಲಿ ಉಂಟಾಗುವ ಒತ್ತಡವು ಅದರ ಸಾಮರ್ಥ್ಯದ ಶೇ. 45ಕ್ಕಿಂತ ಕಡಿಮೆ ಇದ್ದಲ್ಲಿ ಎಷ್ಟೇ ಬಾರಿ ವಾಹನ ಹಾದರೂ ಆಯಾಸದ ಬಿರುಕು ಬರುವುದಿಲ್ಲವೆಂದು ವಿನ್ಯಾಸದಲ್ಲಿ ಪರಿಗಣಿಸಲಾಗುತ್ತದೆ. ಮಿತಿ ಮೀರಿದ ಭಾರದ ಕೆಲವೇ ವಾಹನಗಳು ಈ ಲೆಕ್ಕವನ್ನು ಕೆಡಿಸುತ್ತವೆ. ತೂಕದ ತಪಾಸಣೆಯು ಸರ್ಕಾರದ ಹೊಣೆಯಾಗಿರುತ್ತದೆ.

(ಇ) ಪ್ರಕೃತಿ ವಿಕೋಪ: ಭೂಕುಸಿತ ಮತ್ತು ನೆರೆಯಿಂದಾದ ಹಾನಿಯನ್ನು ಪ್ರತ್ಯೇಕ ತುರ್ತು ಕೆಲಸವೆಂದು ಪರಿಗಣಿಸಿ, ಅದರ ದರಗಳನ್ನು ಟೆಂಡರ್ ಹಂತದಲ್ಲಿಯೇ ಪಡೆಯುವುದು ರೂಢಿ.

11. ಸಾರ್ವಜನಿಕರ ಪಾತ್ರ

ರಸ್ತೆಯನ್ನು ಪ್ರತಿದಿನ ಬಳಸುವವರು ಗಮನಿಸಿ ತಿಳಿಸಬಹುದಾದ ಅಂಶಗಳು: ಸಂಧಿಯಲ್ಲಿ ಸೀಲೆಂಟ್ ಇಲ್ಲದಿರುವುದು ಅಥವಾ ಹುಲ್ಲು ಬೆಳೆದಿರುವುದು, ಮಳೆಯ ನಂತರ ಸಂಧಿಯ ಬಳಿ ಕೆಸರಿನ ಕಲೆ, ವಾಹನ ಹಾದಾಗ ಚಪ್ಪಡಿ ಅಲುಗುವುದು, ಮೂಲೆ ಮುರಿದಿರುವುದು, ಚರಂಡಿ ಕಟ್ಟಿಕೊಂಡು ರಸ್ತೆಯ ಅಂಚಿನಲ್ಲಿ ನೀರು ನಿಲ್ಲುವುದು. ದೂರು ನೀಡುವಾಗ ಹತ್ತಿರದ ಕಿ.ಮೀ. ಕಲ್ಲಿನ ಸಂಖ್ಯೆ, ಸಂಚಾರದ ದಿಕ್ಕು ಹಾಗೂ ದಿನಾಂಕವನ್ನು ತಿಳಿಸಿದಲ್ಲಿ ದೋಷದ ಕಾಲಮಿತಿಯನ್ನು ಲೆಕ್ಕ ಹಾಕಲು ಅನುಕೂಲವಾಗುತ್ತದೆ.

ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಗುತ್ತಿಗೆ ಕರಾರು, ಸಮೀಕ್ಷಾ ವರದಿ ಮತ್ತು ಪಾವತಿ ದಾಖಲೆಗಳ ಪ್ರತಿಗಳನ್ನು ಪಡೆಯಲು ಹಾಗೂ ಕಾಮಗಾರಿಯನ್ನು ಪರಿಶೀಲಿಸಲು ನಾಗರಿಕರು ಅರ್ಜಿ ಸಲ್ಲಿಸಬಹುದಾಗಿದೆ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಾಂಕ್ರೀಟ್ ರಸ್ತೆಯಲ್ಲಿ ಬಿರುಕು ಕಂಡರೆ ಕಾಮಗಾರಿ ಕಳಪೆಯೆಂದು ತಿಳಿಯಬಹುದೇ?
ಉತ್ತರ: ಎಲ್ಲ ಬಿರುಕುಗಳೂ ಒಂದೇ ಅಲ್ಲ. ಮೇಲ್ಮೈಯ ಕೂದಲೆಳೆಯಷ್ಟು ಸಣ್ಣ ಬಿರುಕು ರಚನೆಗೆ ಅಪಾಯಕಾರಿಯಾಗಿರಲಾರದು. ಚಪ್ಪಡಿಯ ಪೂರ್ಣ ಆಳಕ್ಕೆ ಇಳಿದ ಬಿರುಕು ಹಾಗೂ ಮೂಲೆ ಮುರಿತಗಳಿಗೆ ತಕ್ಷಣದ ಗಮನ ಅಗತ್ಯ.

ಪ್ರಶ್ನೆ: ಕೆಲಸ ನಡೆಯುತ್ತಿರುವುದು ಕಾಣದಿದ್ದರೂ ಗುತ್ತಿಗೆದಾರರಿಗೆ ಪ್ರತಿ ತಿಂಗಳು ಹಣ ಪಾವತಿಯಾಗುವುದೇಕೆ?
ಉತ್ತರ: ಈ ಪದ್ಧತಿಯಲ್ಲಿ ಪಾವತಿಯು ರಸ್ತೆಯ ಸ್ಥಿತಿಗೆ ಸಂಬಂಧಿಸಿದೆಯೇ ಹೊರತು ಆ ತಿಂಗಳು ನಡೆದ ಕೆಲಸಕ್ಕೆ ಅಲ್ಲ. ಆದುದರಿಂದಲೇ ಸ್ಥಿತಿಯ ಅಳತೆಯು ವಿಶ್ವಾಸಾರ್ಹವಾಗಿರಬೇಕು.

ಪ್ರಶ್ನೆ: ವೈಟ್ ಟಾಪಿಂಗ್ ರಸ್ತೆಗಳಿಗೂ ಇದೇ ಕ್ರಮ ಅನ್ವಯವಾಗುತ್ತದೆಯೇ?
ಉತ್ತರ: ಮೂಲ ತತ್ತ್ವ ಒಂದೇ. ತೆಳು ಹೊದಿಕೆಗಳಲ್ಲಿ ಸಂಧಿಗಳು ಇನ್ನೂ ಹತ್ತಿರ ಇರುವುದರಿಂದ ಸಮೀಕ್ಷೆಯ ಘಟಕ ಮತ್ತು ಕಡಿತದ ಪ್ರಮಾಣವನ್ನು ಅದಕ್ಕೆ ತಕ್ಕಂತೆ ನಿಗದಿಪಡಿಸಬೇಕಾಗುತ್ತದೆ. ಈ ರಸ್ತೆಗಳ ಬಗ್ಗೆ ಐ.ಆರ್.ಸಿ. ಎಸ್.ಪಿ. 76 ಎಂಬ ಪ್ರತ್ಯೇಕ ಮಾರ್ಗಸೂಚಿ ಇದೆ.

ಪ್ರಶ್ನೆ: ಈ ಪದ್ಧತಿಯಿಂದ ಇಲಾಖೆಯ ಇಂಜಿನಿಯರುಗಳ ಕೆಲಸ ಕಡಿಮೆಯಾಗುತ್ತದೆಯೇ?
ಉತ್ತರ: ಇಲ್ಲ, ಕೆಲಸದ ಸ್ವರೂಪ ಬದಲಾಗುತ್ತದೆ. ಪ್ರಮಾಣವನ್ನು ಅಳೆಯುವ ಬದಲು ಸ್ಥಿತಿಯನ್ನು ಅಳೆಯಬೇಕಾಗುತ್ತದೆ. ಇದಕ್ಕೆ ತರಬೇತಿ ಹಾಗೂ ಉಪಕರಣಗಳು ಬೇಕಾಗುತ್ತವೆ.

13. ಉಪಸಂಹಾರ

ಕಾರ್ಯಸಾಧನೆ ಆಧಾರಿತ ಗುತ್ತಿಗೆಯು ನಿರ್ವಹಣೆಯ ಹೊಣೆಯನ್ನು ಗುತ್ತಿಗೆದಾರರಿಗೆ ವಹಿಸುತ್ತದೆ; ರಸ್ತೆಯ ಒಡೆತನ ಮತ್ತು ಅದರ ಮುಂದಿನ ವರ್ಷಗಳ ವೆಚ್ಚ ಸಾರ್ವಜನಿಕರದ್ದಾಗಿಯೇ ಉಳಿಯುತ್ತದೆ. ಕಾಂಕ್ರೀಟ್ ರಸ್ತೆಯ ವಿಷಯದಲ್ಲಿ ಸಂಧಿಗಳ ಸ್ಥಿತಿ, ಭಾರ ವರ್ಗಾವಣೆ ಹಾಗೂ ಹಸ್ತಾಂತರದ ವೇಳೆಯ ಸ್ಥಿತಿ ಈ ಮೂರನ್ನು ಕರಾರಿನಲ್ಲಿ ಅಂಕಿಗಳ ಮೂಲಕ ನಿಗದಿಪಡಿಸಿ, ನಿಗದಿತ ವೇಳೆಯಲ್ಲಿ ಅಳೆದು, ಅದರಂತೆ ಪಾವತಿಸಿದಲ್ಲಿ ಮಾತ್ರ ಈ ಪದ್ಧತಿಯ ಉದ್ದೇಶವು ಈಡೇರುತ್ತದೆ.